ಅಡುಗೆಮನೆ ಕೆಲಸ: ಸಿಂಕ್ ಕೆಳಗೆ ಬಗ್ಗಿ ನೋಡಿದವರು ಯಾರು?

ಅಡುಗೆಮನೆ ಹೊಸದು ಮಾಡಿಸುವವರು ನನ್ನ ಮುಂದೆ ಮೊದಲು ಇಡುವುದು ಎರಡು ಮೂರು ಕಾಂಟ್ರ್ಯಾಕ್ಟರ್‌ಗಳ ಕೊಟೇಶನ್. "ಮೇಡಂ, ಇವರ ರೇಟು ಕಡಿಮೆ ಇದೆ, ಕೊಟ್ಟುಬಿಡೋಣ ಅಲ್ವಾ?" ನಾನು ಕೇಳುವುದು ಬೇರೆ. ಮನೆ ನೋಡಲು ಬಂದಾಗ ಇವರಲ್ಲಿ ಸಿಂಕ್ ಕೆಳಗೆ ಬಗ್ಗಿ ನೋಡಿದವರು ಯಾರು?

ಬೆಂಗಳೂರಿನ ಜಯನಗರ, ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳ ಗೋಡೆಯೊಳಗೆ ಇನ್ನೂ ಜಿಐ ಪೈಪ್, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪ್ ಇರುವುದುಂಟು. ಹೊರಗೆ ಏನೂ ಕಾಣುವುದಿಲ್ಲ. ಒಳಗೆ ತುಕ್ಕು ಹಿಡಿದು ನೀರಿನ ದಾರಿ ಕಿರಿದಾಗಿರುತ್ತದೆ. ಬೋರ್‌ವೆಲ್ ನೀರಾದರೆ ಬಿಳಿ ಉಪ್ಪು ಬೇರೆ ಕಟ್ಟಿರುತ್ತದೆ. ಅದರ ಮೇಲೆ ಹೊಸ ಟೈಲ್ಸ್, ಹೊಸ ಕಪಾಟು ಕೂರಿಸಿದರೆ, ಪೈಪ್ ಸೋರಿದ ದಿನ ಎಲ್ಲವನ್ನೂ ಒಡೆಯಬೇಕು. ಕೆಲಸ ಬಲ್ಲ ಕಾಂಟ್ರ್ಯಾಕ್ಟರ್ ಮೊದಲು ನಲ್ಲಿ ತಿರುಗಿಸುತ್ತಾರೆ, ಯುಟಿಲಿಟಿ ಕಡೆ ಗೋಡೆಗೆ ಕೈಯಿಟ್ಟು ತೇವ ನೋಡುತ್ತಾರೆ. ಕಪಾಟಿನ ಮೇಲೆ ಅಂಟಿಸುವ ಲ್ಯಾಮಿನೇಟ್ ಬಣ್ಣದ ಮಾತು ಆಮೇಲೆ. ಹೊಸ ಪೈಪ್ ಹಾಕಿದ ಮೇಲೆ, ಗೋಡೆ ಮುಚ್ಚುವ ಮುಂಚೆ ಪ್ರೆಷರ್ ಟೆಸ್ಟ್ (ಪೈಪಿಗೆ ಒತ್ತಡದಲ್ಲಿ ನೀರು ತುಂಬಿ ಸೋರುತ್ತದೆಯಾ ನೋಡುವುದು) ಮಾಡ್ತೀರಾ ಅಂತ ಕೇಳಿ. "ಅದೆಲ್ಲ ಏನೂ ಬೇಡ" ಅಂದರೆ ಅಂಥವರಿಗೆ ಕೆಲಸ ಕೊಡಬೇಡಿ.

ಇನ್ನು ಆ ಕಡಿಮೆ ರೇಟಿನ ವಿಷಯ. ಕಟ್ಟೆ ಕೆಳಗಿನ ಕಪಾಟು 10 ಅಡಿ ಉದ್ದ, ಎರಡೂಮುಕ್ಕಾಲು ಅಡಿ ಎತ್ತರ ಇದೆ ಅಂದುಕೊಳ್ಳಿ. ಮುಂಭಾಗ ಮಾತ್ರ ಅಳೆದರೆ 27.5 ಚದರಡಿ. ಒಳಗಿನ ಪಕ್ಕದ ಹಲಗೆ, ತಳ, ಶೆಲ್ಫ್ ಎಲ್ಲ ಅಳೆಯುವವರ ಲೆಕ್ಕದಲ್ಲಿ ಅದೇ ಕಪಾಟು ಎಷ್ಟೋ ಜಾಸ್ತಿ ಆಗುತ್ತದೆ. ಕೆಲವರು ಉದ್ದ ಮಾತ್ರ ಹಿಡಿದು ರನ್ನಿಂಗ್ ಅಡಿಗೆ ದರ ಹೇಳುತ್ತಾರೆ. ಹಾಗಾಗಿ ಚದರಡಿ ದರ ಹೋಲಿಸುವುದು ಸುಮ್ನೆ. ಒಂದೇ ನಕ್ಷೆ ಎಲ್ಲರಿಗೂ ಕೊಟ್ಟು ಒಟ್ಟು ಮೊತ್ತ ಬರೆಸಿಕೊಳ್ಳಿ. ಹಳೇ ಕಟ್ಟೆ ಒಡೆಯುವುದು, ಮಣ್ಣು ಸಾಗಿಸುವುದು, ಗ್ರಾನೈಟ್ ಅಂಚಿನ ಪಾಲಿಶ್, ಚಿಮಣಿಗೆ ಗೋಡೆ ಕೊರೆಯುವುದು, ಡ್ರಾಯರ್ ಚಾನೆಲ್, ಜಿಎಸ್‌ಟಿ ಅದರಲ್ಲಿವೆಯಾ ನೋಡಿ. ರೇಟು ತೀರಾ ಕಡಿಮೆ ಇದ್ದರೆ ಸಾಮಾನ್ಯವಾಗಿ ಇವುಗಳಲ್ಲೇ ಏನೋ ಬಿಟ್ಟುಹೋಗಿರುತ್ತದೆ.

ಪ್ಲೈವುಡ್ ಬಗ್ಗೆ "ವಾಟರ್‌ಪ್ರೂಫ್" ಅಂತ ಬರೆದರೆ ಸಾಲದು. ಸಿಂಕ್ ಸುತ್ತ ಐಎಸ್ 710 ದರ್ಜೆಯದೇ, ಅಂದರೆ ನೀರು ತಾಳುವ ಮರೀನ್ ಪ್ಲೈವುಡ್ಡೇ ಬೇಕು. ಐಎಸ್ 303 ಸಾಮಾನ್ಯ ಬಳಕೆಯ ಪ್ಲೈವುಡ್. ಹಾಳೆಯ ಮೇಲೆ ಐಎಸ್ಐ ಗುರುತಿನ ಜೊತೆ ಲೈಸೆನ್ಸ್ ನಂಬರ್ ಇರುತ್ತದೆ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಕತ್ತರಿಸುವ ಮುಂಚೆಯೇ ನೋಡಿ, ಲ್ಯಾಮಿನೇಟ್ ಅಂಟಿಸಿದ ಮೇಲೆ ಏನೂ ತಿಳಿಯುವುದಿಲ್ಲ.

ಅವರು ಹಿಂದೆ ಮಾಡಿದ ಕೆಲಸ ನೋಡಲು ಹೋದರೆ, ಹೋದ ತಿಂಗಳು ಮುಗಿಸಿದ್ದು ಬೇಡ. ಎರಡು ಮೂರು ವರ್ಷ ಬಳಸಿದ ಅಡುಗೆಮನೆ ತೋರಿಸಿ ಅನ್ನಿ. ಸಿಂಕ್ ಕೆಳಗಿನ ಬಾಗಿಲು ತೆಗೆದು ತಳದ ಹಲಗೆ ಉಬ್ಬಿದೆಯಾ ಅಂತ ಮುಟ್ಟಿ ನೋಡಿ. ಆ ಮನೆಯವರನ್ನು ಒಂದು ಮಾತು ಕೇಳಿ: ತೊಂದರೆ ಆದಾಗ ಫೋನ್ ಮಾಡಿದರೆ ಬಂದರಾ?

ಓವನ್, ಡಿಶ್‌ವಾಷರ್‌ಗೆ 16 ಆಂಪಿಯರ್ ಪಾಯಿಂಟ್ ಎಲ್ಲೆಲ್ಲಿ ಅಂತ ಮೊದಲೇ ಗುರುತು ಹಾಕಿಸಿ. ಗ್ಯಾಸ್ ಪೈಪ್‌ಲೈನ್ ಇದ್ದರೆ ಕಾಂಟ್ರ್ಯಾಕ್ಟರ್ ಕಡೆಯವರು ಅದನ್ನು ಮುಟ್ಟಲೇಬಾರದು. ಗ್ಯಾಸ್ ಕಂಪನಿಯವರನ್ನೇ ಕರೆಸಬೇಕು. ಅಪಾರ್ಟ್‌ಮೆಂಟ್ ಆದರೆ ಕೆಲಸದ ಸಮಯ, ಡೆಪಾಸಿಟ್ ಬಗ್ಗೆ ಅಸೋಸಿಯೇಷನ್‌ನಲ್ಲಿ ವಿಚಾರಿಸಿ.

ಅರ್ಧಕ್ಕಿಂತ ಜಾಸ್ತಿ ಅಡ್ವಾನ್ಸ್ ಕೇಳುವವರಿಗೆ ನಾನು ಒಪ್ಪುವುದಿಲ್ಲ. ಒಡೆಯುವುದು, ಪೈಪ್, ಕಟ್ಟೆ, ಕಪಾಟು ಅಂತ ಹಂತ ಮಾಡಿ, ಆಯಾ ಹಂತ ಮುಗಿದ ದಿನವೇ ಹಣ ಕೊಡಿ. ನೀವು ತಡ ಮಾಡಿದರೆ ಪೆಟ್ಟು ಬೀಳುವುದು ಬಡಗಿಗೆ, ಕೂಲಿಯವರಿಗೆ. ಕೊನೆಯ ಹತ್ತನೇ ಒಂದು ಪಾಲನ್ನು ಮಾತ್ರ ಒಂದು ತಿಂಗಳು ಅಲ್ಲಿ ಅಡುಗೆ ಮಾಡಿದ ಮೇಲೆ ಕೊಡುತ್ತೇವೆ ಅಂತ ಶುರುವಿನಲ್ಲೇ ಬರೆಸಿಕೊಳ್ಳಿ.