ಮೊದಲ ಮೌಲ್ಯದ ಹಿಂದಿನ ಬಾಕಿ: ಲಿಸ್ಪ್‌ಗೆ ಬಹುಮೌಲ್ಯ ಸೇರಿಸುವಾಗ

ಪುಣೆಯಿಂದ ಬೆಳಗ್ಗೆ 7:15ಕ್ಕೆ ಹೊರಡುವ ಡೆಕ್ಕನ್ ಕ್ವೀನ್ ಮುಂಬೈಯ ಸಿಎಸ್‌ಎಂಟಿ ಮುಟ್ಟುವುದು 10:25ಕ್ಕೆ. ಒಟ್ಟು 190 ನಿಮಿಷ. ಅದನ್ನು 60ರಿಂದ ಭಾಗಿಸಿದರೆ ಭಾಗಲಬ್ಧ 3, ಶೇಷ 10. ಇಲ್ಲಿ ಮರಾಠಿ ಶಾಲೆಗೆ ಹೋಗುವ ಕನ್ನಡದ ಮಕ್ಕಳು ಇದನ್ನೇ ಭಾಗಾಕಾರ 3, ಬಾಕಿ 10 ಎನ್ನುತ್ತಾರೆ. ಹೆಸರು ಯಾವುದಾದರೂ ಆಗಲಿ, ಒಂದೇ ಲೆಕ್ಕಕ್ಕೆ ಎರಡು ಉತ್ತರ. ಪ್ರೊಸೆಸರ್ ಕೂಡ ಹಾಗೆಯೇ ಕೊಡುತ್ತದೆ: ಎಕ್ಸ್86-64 ಪ್ರೊಸೆಸರುಗಳ ಭಾಗಿಸುವ ಆದೇಶವಾದ ಐಡಿವ್, ರಿಜಿಸ್ಟರ್ ಎಂಬ ತನ್ನೊಳಗಿನ ಮನೆಗಳಲ್ಲಿ ಭಾಗಲಬ್ಧವನ್ನು ಆರ್‌ಎಎಕ್ಸ್‌ನಲ್ಲೂ ಶೇಷವನ್ನು ಆರ್‌ಡಿಎಕ್ಸ್‌ನಲ್ಲೂ ಒಟ್ಟಿಗೇ ಇಟ್ಟು ಹೋಗುತ್ತದೆ. ಫಂಕ್ಷನ್ ಒಂದೇ ಮೌಲ್ಯ ಹಿಂತಿರುಗಿಸಬೇಕು ಎಂದು ಭಾಷೆ ಕಟ್ಟು ಹಾಕಿದಾಗ ಮಾತ್ರ ಎರಡನೆಯದು ದಾರಿಯಲ್ಲಿ ಬಿದ್ದುಹೋಗುತ್ತದೆ.

ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಗಳ ಬಳಗದ ಕಾಮನ್ ಲಿಸ್ಪ್‌ನಲ್ಲಿ ಆ ಕಟ್ಟು ಇಲ್ಲ: ಒಂದು ಫಂಕ್ಷನ್ ಹಲವು ಮೌಲ್ಯ ಹಿಂತಿರುಗಿಸಬಹುದು. ಇದೇ ಬಹುಮೌಲ್ಯ. ಎಂಐಟಿಯ ಲಿಸ್ಪ್ ಮಷೀನುಗಳ ಕಾಲದಿಂದ ಬಂದ ಈ ಸೌಕರ್ಯ 1994ರ ಆನ್ಸಿ (ಅಮೆರಿಕದ ಮಾನಕ ಸಂಸ್ಥೆ) ಮಾನಕದಲ್ಲಿ ಪೂರ್ತಿಯಾಗಿ ವಿವರಿಸಲ್ಪಟ್ಟಿದೆ. ಭಾಗಿಸುವ ಫಂಕ್ಷನ್ ಆದ ಫ್ಲೋರ್ ಭಾಗಲಬ್ಧ, ಶೇಷ ಎರಡನ್ನೂ ಕೊಡುತ್ತದೆ, ಬೇಕಾದವರು ಹೀಗೆ ಹಿಡಿದುಕೊಳ್ಳಬಹುದು:

(ಮಲ್ಟಿಪಲ್-ವ್ಯಾಲ್ಯೂ-ಬೈಂಡ್ (ಗಂಟೆ ಬಾಕಿ) (ಫ್ಲೋರ್ 190 60)
  (ಲಿಸ್ಟ್ ಗಂಟೆ ಬಾಕಿ))
⇒ (3 10)

ಬರೀ ಭಾಗಲಬ್ಧ ಸಾಕು ಎನ್ನುವವರು (+ 1 (ಫ್ಲೋರ್ 190 60)) ಎಂದು ಬರೆದರೆ 4 ಬರುತ್ತದೆ. ಶೇಷವನ್ನು ಯಾರೂ ಕೇಳಲಿಲ್ಲ, ಅದು ಸದ್ದಿಲ್ಲದೆ ಹೋಯಿತು.

ಪುಣೆ, ಮುಂಬೈ ಕಡೆ ಹಗಲು ಬೇರೆ ಭಾಷೆಯಲ್ಲಿ ಕೋಡ್ ಬರೆದು ರಜೆಯ ದಿನ ಸ್ವಂತ ಲಿಸ್ಪ್ ಕಟ್ಟುವವರು ಇಲ್ಲಿ ಕೇಳುವ ಮೊದಲ ಪ್ರಶ್ನೆ, ಒಂದು ಲಿಸ್ಟ್ ಹಿಂತಿರುಗಿಸಿದರೆ ಆಗದೇ? ಆಗುತ್ತದೆ, ಆದರೆ ಎರಡು ಕಡೆ ಪೆಟ್ಟು. 64 ಬಿಟ್‌ನಲ್ಲಿ ಲಿಸ್ಟಿನ ಒಂದೊಂದು ಕೊಂಡಿಯಾದ ಕಾನ್ಸ್ ಕೋಶಕ್ಕೆ 16 ಬೈಟ್, ಎರಡು ಮೌಲ್ಯದ ಲಿಸ್ಟಿಗೆ 32. ಹತ್ತು ಲಕ್ಷ ಸುತ್ತಿನ ಲೂಪ್ 3 ಕೋಟಿ 20 ಲಕ್ಷ ಬೈಟ್ ಕಸ ಹುಟ್ಟಿಸುತ್ತದೆ. ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು: ಭಾಗಲಬ್ಧ ಮಾತ್ರ ಬೇಕಾದವರೂ ಎಲ್ಲೆಲ್ಲೂ ಲಿಸ್ಟಿನ ಮೊದಲನೆಯದನ್ನು ತೆಗೆಯುವ ಕಾರ್ ಎಂದು ಬರೆಯಬೇಕು. ಬಹುಮೌಲ್ಯವಿದ್ದರೆ ಹಳೆಯ ಫಂಕ್ಷನ್ನಿಗೆ ನಾಳೆ ಎರಡನೆಯ ಮೌಲ್ಯ ಸೇರಿಸಿದರೂ ಅದನ್ನು ಕರೆಯುವ ಹಳೆಯ ಕೋಡ್ ಒಂದಕ್ಷರ ಬದಲಾಗದೆ ನಡೆಯುತ್ತದೆ.

ಹ್ಯಾಶ್ ಟೇಬಲಿನಲ್ಲಿ (ಹೆಸರಿನಿಂದ ಮೌಲ್ಯ ಹುಡುಕುವ ಪಟ್ಟಿ) ಹುಡುಕುವ ಗೆಟ್‌ಹ್ಯಾಶ್ ಇದಕ್ಕೆ ಒಳ್ಳೆಯ ಸಾಕ್ಷಿ. ಮಾಟುಂಗದ ಉಡುಪಿ ಹೋಟೆಲೊಂದು ಗಿರಾಕಿಗಳಿಗೆ ಕಾಫಿಗೆ ಸಕ್ಕರೆ ಬೇಕೇ ಎಂಬುದನ್ನು ಹ್ಯಾಶ್ ಟೇಬಲಿನಲ್ಲಿ ಬರೆದಿಟ್ಟಿದೆ ಎಂದುಕೊಳ್ಳಿ. ನಿಲ್ (ಲಿಸ್ಪ್‌ನಲ್ಲಿ ಇಲ್ಲ ಎಂದು, ಖಾಲಿ ಲಿಸ್ಟೂ ಅದೇ) ಎಂದರೆ ಸಕ್ಕರೆ ಬೇಡ. ಹೊಸ ಗಿರಾಕಿಯ ಹೆಸರು ಟೇಬಲಿನಲ್ಲಿ ಇಲ್ಲದಿದ್ದರೂ ಬರುವುದು ನಿಲ್ಲೇ. ಬೇಡ ಎಂದವರು ಯಾರು, ಕೇಳಿಯೇ ಇಲ್ಲದವರು ಯಾರು ಎಂಬುದು ಎರಡನೆಯ ಮೌಲ್ಯದಿಂದ ಮಾತ್ರ ತಿಳಿಯುತ್ತದೆ: ಹೆಸರು ಇದ್ದರೆ ಟಿ (ಹೌದು), ಇಲ್ಲದಿದ್ದರೆ ನಿಲ್.

ಇಂಟರ್ಪ್ರಿಟರಿಗೆ (ಕೋಡನ್ನು ಓದುತ್ತಲೇ ಓಡಿಸುವ ಪ್ರೋಗ್ರಾಮು) ಇದನ್ನು ಸೇರಿಸುವಾಗ ಹೆಚ್ಚಿನವರು ಹಲವು ಮೌಲ್ಯ ಕಳಿಸುವ ವ್ಯಾಲ್ಯೂಸ್ ಫಂಕ್ಷನ್ನಿಂದ ಶುರುಮಾಡಿ, ಅರ್ಧ ಗಂಟೆಯಲ್ಲಿ ಮುಗಿಸಿ, ಕೆಲಸವೇ ಮುಗಿಯಿತು ಎಂದುಕೊಳ್ಳುತ್ತಾರೆ. ಹಲವು ಮೌಲ್ಯ ಕಳಿಸುವುದು ಸುಲಭದ ಅರ್ಧ. ಇಲ್ಲಿ ಒಂದೇ ಮೌಲ್ಯ ಬಂದಿದೆ ಎಂದು ತಪ್ಪದೆ ಹೇಳುವುದು ಕಷ್ಟದ ಅರ್ಧ. ಬಗ್‌ಗಳೆಲ್ಲ ಬರುವುದು ಅಲ್ಲಿಂದಲೇ.

ಸರಳ ವಿನ್ಯಾಸ ಹೀಗಿದೆ. ಕೋಡಿನ ತುಣುಕನ್ನು ಲೆಕ್ಕ ಮಾಡುವ ಇವ್ಯಾಲ್ ಫಂಕ್ಷನ್ ಮೊದಲ ಮೌಲ್ಯವನ್ನು ಎಂದಿನಂತೆ ಹಿಂತಿರುಗಿಸಲಿ. ಪಕ್ಕದಲ್ಲಿ ಒಂದು ಅರೇ, ಒಂದು ಎಣಿಕೆ ಇರಲಿ. ವ್ಯಾಲ್ಯೂಸ್‌ಗೆ ಮೂರು ಆರ್ಗ್ಯುಮೆಂಟ್ ಬಂದರೆ ಮೂರನ್ನೂ ಅರೇಯಲ್ಲಿ ತುಂಬಿ, ಎಣಿಕೆಯನ್ನು 3 ಮಾಡಿ, ಮೊದಲನೆಯದನ್ನು ಹಿಂತಿರುಗಿಸುತ್ತದೆ. ಒಂದೂ ಇಲ್ಲದಿದ್ದರೆ ಎಣಿಕೆ 0, ಹಿಂತಿರುಗುವುದು ನಿಲ್. ಕ್ಲಿಸ್ಪ್ ಎಂಬ ಕಾಮನ್ ಲಿಸ್ಪ್ ತನ್ನೊಳಗೆ ಇಟ್ಟುಕೊಂಡಿರುವುದೂ ಇಂಥದೇ ಜಾಗ. ಅರೇಯ ಅಳತೆ ಕನಿಷ್ಠ 20 ಇರಬೇಕು, ಮಾನಕ ಕೇಳುವುದು ಅಷ್ಟು. ಕ್ಲಿಸ್ಪ್‌ನಲ್ಲಿ ಮಿತಿ 128. ಲಿಸ್ಟಿನಲ್ಲಿರುವುದನ್ನೇ ಮೌಲ್ಯಗಳಾಗಿ ಕಳಿಸುವ ವ್ಯಾಲ್ಯೂಸ್-ಲಿಸ್ಟ್‌ಗೆ ಉದ್ದದ ಲಿಸ್ಟ್ ಕೊಟ್ಟಾಗ ಮಿತಿ ದಾಟಿತೇ ಎಂದು ನೋಡಿ ದೋಷ ಎಸೆಯಿರಿ. ಇಲ್ಲವಾದರೆ ಅರೇಯ ಆಚೆಗಿನ ಮೆಮೊರಿ ಹಾಳಾಗುತ್ತದೆ. ಥ್ರೆಡ್‌ಗಳಿದ್ದರೆ ಅರೇ ಮತ್ತು ಎಣಿಕೆ ಪ್ರತಿ ಥ್ರೆಡ್ಡಿಗೂ ಬೇರೆ ಬೇರೆ.

ಇನ್ನು ಈ ಸಾಲು ನೋಡಿ:

(ಲೆಟ್ ((ಗಂಟೆ (ಫ್ಲೋರ್ 190 60))) ಗಂಟೆ)

ಇದಕ್ಕೆ ಬರಬೇಕಾದ್ದು 3 ಮಾತ್ರ. ಹೊಸದಾಗಿ ಬಹುಮೌಲ್ಯ ಸೇರಿಸಿದ ಇಂಟರ್ಪ್ರಿಟರಿನಲ್ಲಿ ಕೊಟ್ಟರೆ ಅನೇಕ ಸಲ 3ರ ಕೆಳಗೆ 10 ಕೂಡ ಅಚ್ಚಾಗುತ್ತದೆ. ಫ್ಲೋರ್ ಎಣಿಕೆಯನ್ನು 2 ಮಾಡಿತು, ಅರೇಯ ಎರಡನೆಯ ಮನೆಯಲ್ಲಿ 10 ಕೂತಿತು. ಲೆಟ್ ಮೊದಲನೆಯದನ್ನು ಗಂಟೆಗೆ ಕಟ್ಟಿತು. ಆಮೇಲೆ ಗಂಟೆ ಎಂಬ ವೇರಿಯಬಲ್ಲನ್ನು ಓದಿದಾಗ 3 ಬಂತು, ಎಣಿಕೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಹಳೆಯ 2 ಹಾಗೇ ಉಳಿಯಿತು.

ಹಿಡಿಯುವವರೇ ಮೊದಲು ಎಣಿಕೆಯನ್ನು 1 ಮಾಡಿಕೊಂಡರೆ ಸಾಲದೇ ಎಂಬ ಅಡ್ಡದಾರಿ ಎಲ್ಲರಿಗೂ ಹೊಳೆಯುತ್ತದೆ. ಸಾಲದು. ಮೇಲಿನ ಲೆಟ್ಟನ್ನೇ ಮಲ್ಟಿಪಲ್-ವ್ಯಾಲ್ಯೂ-ಬೈಂಡ್‌ನ ಒಳಗಿಟ್ಟರೆ, ಎಣಿಕೆಯನ್ನು 1 ಮಾಡಿದ ಮೇಲೆ ಫ್ಲೋರ್ ಓಡುತ್ತದೆ, ಹಳೆಯ ಕಥೆ ಮರುಕಳಿಸುತ್ತದೆ. ನಿಯಮ ಒಂದೇ: ಒಂದೇ ಮೌಲ್ಯ ಕೊಡುವವರು ಕೊಡುವ ಕೊನೆಯ ಕ್ಷಣದಲ್ಲಿ ಎಣಿಕೆಯನ್ನು 1 ಮಾಡಬೇಕು. ಸ್ಥಿರಾಂಕ, ವೇರಿಯಬಲ್, ಕೋಟ್, ಸೆಟ್‌ಕ್ಯೂ, ಲ್ಯಾಂಬ್ಡಾ, ಯಾವುದಕ್ಕೂ ವಿನಾಯಿತಿ ಇಲ್ಲ.

ಸಿ ಭಾಷೆಯಲ್ಲಿ ಬರೆದ ಮೂಲ ಫಂಕ್ಷನ್‌ಗಳು ಇನ್ನೂರು ಮುನ್ನೂರು ಇರುತ್ತವೆ. ಪ್ರತಿಯೊಂದರಲ್ಲೂ ಎಣಿಕೆಯ ಸಾಲು ಸೇರಿಸಲು ಹೋದರೆ ಎಲ್ಲೋ ಒಂದು ಕಡೆ ಖಂಡಿತ ಮರೆಯುತ್ತದೆ. ಫಂಕ್ಷನ್ ಪಟ್ಟಿಯಲ್ಲಿ ಪ್ರತಿ ನಮೂದಿಗೂ ಒಂದು ಬಿಟ್ ಇಡಿ: ಇದು ಬಹುಮೌಲ್ಯ ಕೊಡಬಲ್ಲದೇ? ಬಿಟ್ ಇಲ್ಲದಿದ್ದರೆ ಕರೆಯುವ ಜಾಗವೇ ಫಂಕ್ಷನ್ ಮುಗಿದ ಮೇಲೆ ಎಣಿಕೆಯನ್ನು 1 ಮಾಡಲಿ. ಮುಗಿದ ಮೇಲೆ ಎಂಬುದು ಮುಖ್ಯ. ಮ್ಯಾಪ್‌ಕಾರ್, ಸಾರ್ಟ್ ತಮ್ಮೊಳಗೆ ಬಳಕೆದಾರರ ಫಂಕ್ಷನ್ನನ್ನು ಕರೆಯುತ್ತವೆ, ಅದು ಎಣಿಕೆಯನ್ನು ಏನು ಬೇಕಾದರೂ ಮಾಡಿರಬಹುದು. ಬಿಟ್ ಇರಬೇಕಾದ್ದು ವ್ಯಾಲ್ಯೂಸ್, ಫ್ಲೋರ್ ಮತ್ತು ಅದರ ಬಳಗ, ಗೆಟ್‌ಹ್ಯಾಶ್, ಫನ್‌ಕಾಲ್, ಅಪ್ಲೈ, ಇವ್ಯಾಲ್, ಹೀಗೆ ಬೆರಳೆಣಿಕೆಯವುಗಳಿಗೆ. ಕೊಟ್ಟ ಫಂಕ್ಷನ್ನನ್ನು ಕರೆಯುವ ಫನ್‌ಕಾಲ್‌ಗೆ ಬಿಟ್ ಹಾಕಲು ಮರೆತರೆ (ಫನ್‌ಕಾಲ್ #'ಫ್ಲೋರ್ 190 60) ಶೇಷವನ್ನು ನುಂಗುತ್ತದೆ.

ಲೆಟ್, ಇಫ್‌ನಂಥ ವಿಶೇಷ ರೂಪಗಳ (ರೂಪ ಎಂದರೆ ಲೆಕ್ಕ ಮಾಡಬೇಕಾದ ಕೋಡಿನ ತುಣುಕು) ವಿಷಯದಲ್ಲಿ ಊಹೆ ನಡೆಯದು, ಮಾನಕ ಹೇಳಿದಂತೆ ಮಾಡಬೇಕು. ಒಳಗಿನ ರೂಪಗಳನ್ನು ಒಂದಾದ ಮೇಲೊಂದು ಓಡಿಸುವ ಪ್ರಾಗ್ಎನ್, ಲೆಟ್, ಬ್ಲಾಕ್ ಇವುಗಳ ಕೊನೆಯ ರೂಪ ಎಲ್ಲವನ್ನೂ ದಾಟಿಸುತ್ತದೆ. ಇಫ್‌ನ ಎರಡೂ ಕವಲುಗಳೂ ಹಾಗೆಯೇ, ಷರತ್ತಿನಿಂದ ಮಾತ್ರ ಒಂದೇ. ಮೊದಲ ರೂಪದ ಉತ್ತರ ಕೊಡುವ ಪ್ರಾಗ್1 ಹೆಸರಿಗೆ ತಕ್ಕಂತೆ ಒಂದನ್ನೇ ಉಳಿಸುತ್ತದೆ. ಆ್ಯಂಡ್, ಆರ್‌ಗಳಲ್ಲಿ ಕೊನೆಯ ರೂಪ ಎಲ್ಲವನ್ನೂ ಕೊಡುತ್ತದೆ, ಮೊದಲಿನವು ಒಂದನ್ನು. ಷರತ್ತುಗಳನ್ನು ಸಾಲಾಗಿ ನೋಡುವ ಕಾಂಡ್‌ನಲ್ಲಿ ಒಂದು ಕುಳಿ ಇದೆ. ಷರತ್ತು ಮಾತ್ರ ಇದ್ದು ಮುಂದೇನೂ ಇಲ್ಲದ ಕವಲಿನಿಂದ, ಅದು ಕೊನೆಯ ಕವಲಾದರೂ, ಮೊದಲ ಮೌಲ್ಯ ಮಾತ್ರ ಹೊರಬರಬೇಕು. ಕಾಂಡನ್ನು ಮ್ಯಾಕ್ರೋ (ಒಂದು ಕೋಡನ್ನು ಬೇರೆ ಕೋಡಾಗಿ ಬದಲಿಸುವ ಸಾಧನ) ಆಗಿ ಬರೆದು, ಅಂಥ ಕವಲನ್ನು ಆರ್ ಆಗಿ ಬದಲಿಸಿ, ಕೊನೆಯ ಖಾಲಿ ಕಾಂಡನ್ನು ಉಳಿತಾಯಕ್ಕೆಂದು ತೆಗೆದುಹಾಕಿದರೆ ಷರತ್ತೇ ಆರ್‌ನ ಕೊನೆಯ ರೂಪವಾಗುತ್ತದೆ. ಆಗ ಎರಡೂ ಮೌಲ್ಯ ಸೋರುತ್ತವೆ.

ಏನೇ ಆದರೂ ಕೊನೆಗೆ ಶುಚಿ ಮಾಡುವ ಕೋಡ್ ಓಡಿಸುವ ಅನ್‌ವೈಂಡ್-ಪ್ರೊಟೆಕ್ಟ್‌ಗೆ ಹೆಚ್ಚು ಸಮಯ ಕೊಡಿ. ಕಾಯುವ ರೂಪದ ಎಲ್ಲ ಮೌಲ್ಯಗಳೂ ಹೊರಬರಬೇಕು, ಆದರೆ ನಡುವೆ ಶುಚಿ ಮಾಡುವ ಕೋಡ್ ಓಡುತ್ತದೆ, ಅದು ಅದೇ ಅರೇಯನ್ನು ಬಳಸುತ್ತದೆ.

(ಮಲ್ಟಿಪಲ್-ವ್ಯಾಲ್ಯೂ-ಲಿಸ್ಟ್
  (ಅನ್‌ವೈಂಡ್-ಪ್ರೊಟೆಕ್ಟ್ (ಫ್ಲೋರ್ 190 60)
    (ಫ್ಲೋರ್ 1000 7)))

ಸರಿಯಾದ ಉತ್ತರ (3 10). ಮೊದಲ ಮೌಲ್ಯವನ್ನಷ್ಟೇ ಸಿ ವೇರಿಯಬಲ್ಲಿನಲ್ಲಿ ಕಾಪಾಡಿಕೊಂಡವರಿಗೆ ಬರುವುದು (3 6). 1000ವನ್ನು 7ರಿಂದ ಭಾಗಿಸಿದಾಗ 142, ಶೇಷ 6. ಆ 6 ಹಳೆಯ 3ರ ಪಕ್ಕ ಬಂದು ಕೂತಿದೆ. ಎಣಿಕೆಯೂ 2, ನೋಡಲು ಎಲ್ಲ ಸರಿ, ದೋಷದ ಸಂದೇಶವೂ ಇಲ್ಲ. ಇಂಥ ಬಗ್ ತಿಂಗಳುಗಟ್ಟಲೆ ಅಡಗಿರಬಲ್ಲದು. ಎಣಿಕೆಯಷ್ಟು ಮೌಲ್ಯಗಳನ್ನು ಸ್ಟ್ಯಾಕಿಗೆ ತಳ್ಳಿ, ಎಣಿಕೆಯನ್ನೂ ತಳ್ಳಿ, ಶುಚಿಯ ಕೋಡ್ ಓಡಿಸಿ, ಎಲ್ಲವನ್ನೂ ಮರಳಿ ಅರೇಗೆ ತರುವುದೇ ದಾರಿ. ಮಲ್ಟಿಪಲ್-ವ್ಯಾಲ್ಯೂ-ಪ್ರಾಗ್1ಗೂ ಇದೇ ಕೋಡ್ ಸಾಕು. ಸಿಗ್ನಲ್ ಬಂದಾಗ ಲಿಸ್ಪ್ ಕೋಡ್ ಓಡಿಸುವ ವ್ಯವಸ್ಥೆ ಇದ್ದರೆ ಅಲ್ಲಿಯೂ ಹೀಗೇ ಕಾಪಾಡಿ.

ಬಳಕೆಯಿಲ್ಲದ ಮೆಮೊರಿ ಗುಡಿಸುವ ಗಾರ್ಬೇಜ್ ಕಲೆಕ್ಟರ್ ಅರೇಯನ್ನು ಮೂಲವೆಂದು (ಅಲ್ಲಿಂದ ಸಿಗುವುದೆಲ್ಲ ಬಳಕೆಯಲ್ಲಿದೆ ಎಂದು) ಎಣಿಸಲೇಬೇಕು: ಮಲ್ಟಿಪಲ್-ವ್ಯಾಲ್ಯೂ-ಲಿಸ್ಟ್ ಲಿಸ್ಟ್ ಕಟ್ಟಲು ಕಾನ್ಸ್ ಮಾಡುತ್ತಿರುವಾಗಲೇ ಅದು ಓಡಬಹುದು. ಎಣಿಕೆಯ ಆಚೆಗಿನ ಮನೆಗಳನ್ನು ಗುರುತು ಮಾಡಬೇಡಿ. ಮಾಡಿದರೆ ಎಂದೋ ಬಿಟ್ಟುಹೋದ ದೊಡ್ಡ ವಸ್ತುವೊಂದು ಸಾಯದೆ ಉಳಿಯುತ್ತದೆ. ಎಣಿಕೆ 1 ಇದ್ದಾಗ ಅರೇಯ ಮೊದಲ ಮನೆಯೂ ಹಳತಾಗಿರಬಹುದು, ಏಕೆಂದರೆ ಒಂಟಿ ಮೌಲ್ಯ ಅರೇಗೆ ಹೋಗುವುದೇ ಇಲ್ಲ. ಮೊದಲನೆಯದನ್ನು ಯಾವಾಗಲೂ ಇವ್ಯಾಲ್ ಹಿಂತಿರುಗಿಸಿದ್ದರಿಂದಲೇ ತೆಗೆದುಕೊಳ್ಳಿ, ಅರೇಯಿಂದಲ್ಲ.

ಕಂಪೈಲರಿಗೆ (ಕೋಡನ್ನು ಓಡಿಸುವ ಮೊದಲೇ ಅನುವಾದಿಸುವ ಪ್ರೋಗ್ರಾಮು) ಬಂದಾಗ ಕೆಲಸ ನಿಜಕ್ಕೂ ಹಗುರವಾಗುತ್ತದೆ. ರೂಪವನ್ನು ಕಂಪೈಲ್ ಮಾಡುವ ಫಂಕ್ಷನ್ನಿಗೆ ಬೇಡಿಕೆ ಎಂಬ ಇನ್ನೊಂದು ಆರ್ಗ್ಯುಮೆಂಟ್ ಕೊಡಿ: ಏನೂ ಬೇಡ, ಒಂದು ಬೇಕು, ಎಲ್ಲ ಬೇಕು. ಕ್ಲಿಸ್ಪ್‌ನ ಕಂಪೈಲರ್ ಮಾಡುವುದೂ ಇದನ್ನೇ. ಪ್ರಾಗ್ಎನ್ ತನ್ನ ಕೊನೆಯದಲ್ಲದ ರೂಪಗಳಿಗೆ ಏನೂ ಬೇಡ ಎನ್ನುತ್ತದೆ, ಕೊನೆಯದಕ್ಕೆ ತನಗೆ ಬಂದ ಬೇಡಿಕೆಯನ್ನೇ ದಾಟಿಸುತ್ತದೆ. ಆರ್ಗ್ಯುಮೆಂಟುಗಳಿಗೆ ಒಂದು. ಫಂಕ್ಷನ್ನಿನ ಕೊನೆಗೆ ಎಲ್ಲ. ಎಣಿಕೆಯನ್ನು 1 ಮಾಡುವ ಆದೇಶ ಬೇಕಾಗುವುದು ಒಂಟಿ ಮೌಲ್ಯದ ರೂಪ ಎಲ್ಲ ಬೇಕು ಎಂಬ ಜಾಗದಲ್ಲಿ ನಿಂತಾಗ ಮಾತ್ರ. ಇಂಟರ್ಪ್ರಿಟರಿನಲ್ಲಿ ಪ್ರತಿ ವೇರಿಯಬಲ್ ಓದಿಗೂ ಆಗುತ್ತಿದ್ದ ಖರ್ಚು ಹೀಗೆ ಬಹುಪಾಲು ಮಾಯವಾಗುತ್ತದೆ. ಫ್ಲೋರ್‌ಗೆ ಒಂದೇ ಬೇಡಿಕೆ ಇದ್ದರೆ ಶೇಷವನ್ನು ಎಲ್ಲೂ ಬರೆಯಬೇಕಿಲ್ಲ.

ಐಡಿವ್ ಬಳಸಿ ಫ್ಲೋರನ್ನು ಒಳಸೇರಿಸುವವರು ಋಣ ಸಂಖ್ಯೆಗಳನ್ನು ಗಮನಿಸಬೇಕು. -17ನ್ನು 5ರಿಂದ ಭಾಗಿಸಿದರೆ ಐಡಿವ್ -3 ಮತ್ತು -2 ಕೊಡುತ್ತದೆ. ಅದು ಸೊನ್ನೆಯ ಕಡೆಗೆ ಕತ್ತರಿಸುವ ಟ್ರಂಕೇಟ್‌ನ ಉತ್ತರ. ಕೆಳಗಿನ ಪೂರ್ಣಾಂಕಕ್ಕೆ ಇಳಿಸುವ ಫ್ಲೋರ್ ಕೊಡಬೇಕಾದ್ದು -4 ಮತ್ತು 3. ಶೇಷ ಸೊನ್ನೆಯಲ್ಲದೆ ಅದರ ಚಿಹ್ನೆ ಭಾಜಕದ ಚಿಹ್ನೆಗಿಂತ ಬೇರೆಯಾಗಿದ್ದರೆ ಭಾಗಲಬ್ಧದಿಂದ 1 ಕಳೆದು ಶೇಷಕ್ಕೆ ಭಾಜಕ ಕೂಡಿಸಿ.

ಮಲ್ಟಿಪಲ್-ವ್ಯಾಲ್ಯೂ-ಬೈಂಡ್‌ಗೆ ಕ್ಲೋಷರ್ (ಸುತ್ತಲಿನ ವೇರಿಯಬಲ್‌ಗಳನ್ನು ಹಿಡಿದಿಟ್ಟ ಫಂಕ್ಷನ್) ಕಟ್ಟಬೇಡಿ, ನೇರವಾಗಿ ವೇರಿಯಬಲ್‌ಗಳಿಗೆ ತುಂಬಿ. ಎಣಿಕೆ ಸಾಲದ ವೇರಿಯಬಲ್‌ಗಳಿಗೆ ನಿಲ್ ಹಾಕಲು ಮರೆಯಬೇಡಿ. ಮೊದಲು (ವ್ಯಾಲ್ಯೂಸ್ 7 8 9) ಓಡಿಸಿ, ಆಮೇಲೆ ಮೂರು ವೇರಿಯಬಲ್‌ಗಳಿಗೆ (ಫ್ಲೋರ್ 190 60) ಕಟ್ಟಿ ನೋಡಿ. ಮೂರನೆಯದರಲ್ಲಿ 9 ಕಂಡರೆ ಎಣಿಕೆ ನೋಡದೆ ಅರೇ ಓದಿದ್ದೀರಿ. ಎಲ್ಲ ಮೌಲ್ಯಗಳನ್ನೂ ಒಂದು ಫಂಕ್ಷನ್ನಿಗೆ ಆರ್ಗ್ಯುಮೆಂಟಾಗಿ ಕೊಡುವ ಮಲ್ಟಿಪಲ್-ವ್ಯಾಲ್ಯೂ-ಕಾಲ್‌ನಲ್ಲಿ ರೂಪಗಳು ಹಲವಿರಬಹುದು, ಹಾಗಾಗಿ ಪ್ರತಿ ರೂಪ ಮುಗಿದ ಕೂಡಲೇ ಮೌಲ್ಯಗಳನ್ನು ಸ್ಟ್ಯಾಕಿಗೆ ಸಾಗಿಸಿ ಒಟ್ಟು ಎಣಿಕೆ ಕೂಡಿಸುತ್ತ ಹೋಗಬೇಕು. ಇದರ ಮೂಲಕ ಲಿಸ್ಟ್ ಫಂಕ್ಷನ್ನಿಗೆ ನಮ್ಮ ಎರಡು ಫ್ಲೋರ್‌ಗಳನ್ನು ಕೊಟ್ಟರೆ (3 10 142 6) ಬರಬೇಕು.

ನೇರ ಯಂತ್ರಕೋಡ್ ಹೊರಡಿಸುವವರಿಗೆ ನೋಡಲೇಬೇಕಾದ ಎರಡು ಮಾದರಿಗಳಿವೆ. ಎಸ್‌ಬಿಸಿಎಲ್ ಎಂಬ ಕಾಮನ್ ಲಿಸ್ಪ್ ಎಕ್ಸ್86-64ರಲ್ಲಿ ಮೊದಲ ಮೂರು ಮೌಲ್ಯಗಳನ್ನು ಆರ್‌ಡಿಎಕ್ಸ್, ಆರ್‌ಡಿಐ, ಆರ್‌ಎಸ್‌ಐ ರಿಜಿಸ್ಟರುಗಳಲ್ಲಿ, ಎಣಿಕೆಯನ್ನು ಆರ್‌ಸಿಎಕ್ಸ್‌ನಲ್ಲಿ ಕಳಿಸುತ್ತದೆ. ಒಂದೇ ಮೌಲ್ಯವಾದರೆ ಕ್ಯಾರಿ ಫ್ಲ್ಯಾಗ್ (ಪ್ರೊಸೆಸರಿನ ಒಂದು ಗುರುತಿನ ಬಿಟ್) ಇಳಿಸಿ ಮರಳುತ್ತದೆ, ಬೇರೆ ಎಣಿಕೆಯಾದರೆ ಏರಿಸಿ. ಒಂದೇ ಬೇಕಾದವರು ಕಾಲ್ ಆದ ಮೇಲೆ ಕ್ಯಾರಿ ಏರಿದ್ದರೆ ಮಾತ್ರ ಆರ್‌ಬಿಎಕ್ಸ್‌ನಿಂದ ಸ್ಟ್ಯಾಕ್ ಪಾಯಿಂಟರನ್ನು ಸರಿಪಡಿಸುವ ಒಂದೇ ಆದೇಶ ಇಡುತ್ತಾರೆ. ಇನ್ನೊಂದು ಮಾದರಿಯನ್ನು ಆಶ್ಲಿ ಮತ್ತು ಡಿಬ್ವಿಗ್ 1994ರಲ್ಲಿ ಲಿಸ್ಪ್ ಬಳಗದ ಇನ್ನೊಂದು ಭಾಷೆಯಾದ ಸ್ಕೀಮ್‌ಗಾಗಿ ವಿವರಿಸಿದರು: ಪ್ರತಿ ಕಾಲ್‌ಗೂ ಮರಳುವ ಜಾಗ ಎರಡು. ಒಂಟಿ ಮೌಲ್ಯ ಮಾಮೂಲಿ ಜಾಗಕ್ಕೆ ಮರಳುತ್ತದೆ, ಹಾಗಾಗಿ ಸಾಮಾನ್ಯ ಕೋಡಿಗೆ ಖರ್ಚೇ ಇಲ್ಲ. ಉಳಿದ ಎಣಿಕೆಗಳು ಆ ಜಾಗದ ಪಕ್ಕದಲ್ಲಿ ಗುರುತಿಸಿಟ್ಟ ಎರಡನೆಯ ಜಾಗಕ್ಕೆ ಜಿಗಿಯುತ್ತವೆ. ನಮ್ಮ ಮಟ್ಟಿಗೆ ಎರಡನೆಯದು ಹೆಚ್ಚು ಅಂದ. ಆದರೆ ಬೈಟ್‌ಕೋಡ್ ಯಂತ್ರ ಕಟ್ಟುವವರಿಗೆ ಅರೇ ಮತ್ತು ಎಣಿಕೆಯೇ ಸಾಕು.

ಟೇಲ್ ಕಾಲ್ (ಫಂಕ್ಷನ್ನಿನ ಕೊನೆಯ ಕರೆಯನ್ನು ಬರೀ ಜಿಗಿತವಾಗಿಸುವುದು) ಇರುವ ಕಂಪೈಲರಿನಲ್ಲಿ ಫಂಕ್ಷನ್ನಿನ ಕೊನೆಗೆ (ಎಫ್ ಎಕ್ಸ್) ಎಂದಿದ್ದರೆ ಬರೀ ಜಿಗಿತ, ಎಫ್ ಕೊಟ್ಟದ್ದೆಲ್ಲ ತಾನಾಗಿ ಮೇಲಿನವರಿಗೆ ಸೇರುತ್ತದೆ. ಶೇಷ ಸೋರದಿರಲೆಂದು (ವ್ಯಾಲ್ಯೂಸ್ (ಎಫ್ ಎಕ್ಸ್)) ಎಂದು ಬರೆದ ಕೂಡಲೇ ಅದು ಟೇಲ್ ಕಾಲ್ ಆಗಿ ಉಳಿಯುವುದಿಲ್ಲ. ಎಫ್ ಮರಳಿದ ಮೇಲೆ ಎಣಿಕೆ ಕತ್ತರಿಸುವ ಕೆಲಸ ಬಾಕಿ ಇರುತ್ತದೆ. ತನ್ನನ್ನೇ ಕರೆದುಕೊಳ್ಳುವ ಫಂಕ್ಷನ್ನಿನಲ್ಲಿ ಹೀಗೆ ಬರೆದರೆ ಸ್ಟ್ಯಾಕ್ ಬೆಳೆಯುತ್ತಲೇ ಹೋಗುತ್ತದೆ. ಆಪ್ಟಿಮೈಸರ್ ಇಲ್ಲಿ ಒಂಟಿ ಆರ್ಗ್ಯುಮೆಂಟಿನ ವ್ಯಾಲ್ಯೂಸನ್ನು ವ್ಯರ್ಥವೆಂದು ಕಿತ್ತುಹಾಕಿದರೆ ಅರ್ಥವೇ ಬದಲಾಗುತ್ತದೆ. ಬೇಡಿಕೆ ಒಂದು ಎಂದಿರುವ ಜಾಗದಲ್ಲಿ ಮಾತ್ರ ಕೀಳಬಹುದು.

ಈ ಅಂಕಣದ ಪ್ರತಿ ಉದಾಹರಣೆಯನ್ನೂ ಎರಡು ಸಲ ಓಡಿಸಿ: ಒಮ್ಮೆ ಇಂಟರ್ಪ್ರಿಟರಿನಲ್ಲಿ, ಒಮ್ಮೆ ಕಂಪೈಲ್ ಮಾಡಿ. ಜೊತೆಗೆ (ಮಲ್ಟಿಪಲ್-ವ್ಯಾಲ್ಯೂ-ಲಿಸ್ಟ್ (ವ್ಯಾಲ್ಯೂಸ್)) ನಿಲ್ ಕೊಡುತ್ತದೆಯೇ, (ಲಿಸ್ಟ್ (ವ್ಯಾಲ್ಯೂಸ್)) ಒಂದು ನಿಲ್ ಇರುವ ಲಿಸ್ಟ್ ಕೊಡುತ್ತದೆಯೇ ನೋಡಿ. ಎರಡೂ ಕಡೆ ಉತ್ತರ ಬೇರೆ ಬಂದರೆ ಮೊದಲು ಕಾಂಡ್‌ನ ಒಂಟಿ ಷರತ್ತನ್ನು, ಆಮೇಲೆ ಅನ್‌ವೈಂಡ್-ಪ್ರೊಟೆಕ್ಟನ್ನು ತೆರೆದು ನೋಡಿ.