ಗಾಲ್ಫ್ ಹೊಡೆತ: ಮಣಿಕಟ್ಟು ಬಿಚ್ಚಿಕೊಳ್ಳುವ ಆ ಹೊತ್ತು

1938ರಲ್ಲಿ ಅಮೆರಿಕದ ತಂತ್ರಜ್ಞಾನ ವಿಶ್ವವಿದ್ಯಾಲಯ ಎಂಐಟಿಯ ಹೆರಾಲ್ಡ್ ಎಡ್ಜರ್ಟನ್ ಒಂದು ಫೋಟೊ ತೆಗೆದರು. ಕಪ್ಪು ಹಿನ್ನೆಲೆ, ಅದರ ಮುಂದೆ ಗಾಲ್ಫ್ ಆಟಗಾರ ಡೆನ್ಸ್‌ಮೋರ್ ಶೂಟ್, ಕತ್ತಲಲ್ಲಿ ಒಂದೇ ಸಮನೆ ಪಟಪಟ ಮಿಂಚುವ ಫ್ಲ್ಯಾಶ್. ಒಂದೇ ಚಿತ್ರದಲ್ಲಿ ಕ್ಲಬ್, ಅಂದರೆ ಚೆಂಡು ಹೊಡೆಯುವ ಕೋಲು, ಹತ್ತಾರು ಕಡೆ ಮೂಡಿದೆ. ಎರಡು ಮಿಂಚಿನ ನಡುವಿನ ಸಮಯ ಒಂದೇ ಆದ್ದರಿಂದ, ಎಲ್ಲಿ ಅಂತರ ಜಾಸ್ತಿಯೋ ಅಲ್ಲಿ ವೇಗ ಜಾಸ್ತಿ. ಚಿತ್ರವನ್ನು ಸ್ವಲ್ಪ ಹೊತ್ತು ನೋಡಿ. ಕ್ಲಬ್ ಮೇಲಿನಿಂದ ಇಳಿಯಲು ಶುರುವಾದಾಗ ಗೆರೆಗಳು ಒತ್ತೊತ್ತಾಗಿವೆ. ಚೆಂಡು ಹತ್ತಿರವಾದಂತೆ ಕ್ಲಬ್ಬಿನ ತಲೆ ದೂರ ದೂರಕ್ಕೆ ಜಿಗಿಯುತ್ತದೆ, ಆದರೆ ಕೈಗಳು ಹಾಗೆ ಜಿಗಿಯುವುದಿಲ್ಲ.

ಕೋಚ್‌ಗಳು ರಿಲೀಸ್ ಅನ್ನುವುದು ಇದನ್ನೇ. ಮಡಚಿದ್ದ ಮಣಿಕಟ್ಟು ಬಿಚ್ಚಿಕೊಂಡು ಕ್ಲಬ್ ಹೊರಗೆ ಚಿಮ್ಮುವುದು.

1968ರಲ್ಲಿ ಬ್ರಿಟನ್ನಿನ ಅಲಾಸ್ಟೇರ್ ಕಾಕ್ರನ್ ಮತ್ತು ಜಾನ್ ಸ್ಟಾಬ್ಸ್ ಈ ಹೊಡೆತವನ್ನು ಎರಡು ಕೋಲುಗಳ ಲೆಕ್ಕವಾಗಿ ಬಿಡಿಸಿ ತೋರಿಸಿದರು. ತೋಳು ಒಂದು ಕೋಲು, ಕ್ಲಬ್ ಇನ್ನೊಂದು, ನಡುವೆ ಮಣಿಕಟ್ಟಿನ ಕೀಲು. ಇಳಿಯುವಾಗ ಮೊದಲರ್ಧದಲ್ಲಿ ತೋಳಿಗೂ ಕ್ಲಬ್ಬಿಗೂ ನಡುವೆ ಸುಮಾರು 90 ಡಿಗ್ರಿ ಕೋನ ಇರುತ್ತದೆ. ಕ್ಲಬ್ಬಿನ ಭಾರ ಮೈಗೆ ಹತ್ತಿರ ಇರುವುದರಿಂದ ಅಷ್ಟೇ ಬಲಕ್ಕೆ ತೋಳು ಬೇಗ ವೇಗ ಪಡೆಯುತ್ತದೆ. ವೇಗ ಏರಿದಂತೆ ಕ್ಲಬ್ಬಿನ ತಲೆ ತಾನಾಗಿಯೇ ಹೊರಗೆ ಎಳೆಯತೊಡಗುತ್ತದೆ, ಕೋನ ಬಿಚ್ಚುತ್ತದೆ. ಹೀಗೆ ಚಿಮ್ಮುವ ಕ್ಲಬ್ ಕೈಯನ್ನು ಹಿಂದಕ್ಕೆ ಜಗ್ಗುತ್ತದೆ, ಕೈ ನಿಧಾನವಾಗುತ್ತದೆ, ತೋಳಿನಲ್ಲಿದ್ದ ಶಕ್ತಿ ಕ್ಲಬ್ಬಿಗೆ ದಾಟುತ್ತದೆ. ಒದ್ದೆ ಸೀರೆಯನ್ನು ಬಂಡೆಗೆ ಬಡಿಯುವಾಗ ಕೈ ತಡೆದ ಕ್ಷಣದಲ್ಲೇ ಸೀರೆಯ ತುದಿ ಛಟ್ ಅಂತ ಬಂದು ಬೀಳುತ್ತದಲ್ವಾ, ಅದೇ ವಿದ್ಯೆ.

ಶಕ್ತಿ ಎಲ್ಲ ಕ್ಲಬ್ಬಿನ ತಲೆಗೆ ಸೇರುವ ಹೊತ್ತಿಗೆ ಎದುರಿಗೆ ಚೆಂಡು ಇರಬೇಕು. ಕಷ್ಟ ಇರುವುದೇ ಇಲ್ಲಿ.

ಕ್ಲಬ್ಬಿನ ತಲೆ ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಬರುವ ಡ್ರೈವರ್ (ದೂರ ಹೊಡೆಯಲು ಬಳಸುವ ಉದ್ದ ಕ್ಲಬ್) ಹೊಡೆತ ತೆಗೆದುಕೊಳ್ಳಿ. ಕ್ಲಬ್ ಮೇಲಿನಿಂದ ಚೆಂಡಿಗೆ ಬರಲು ಸುಮಾರು ಕಾಲು ಸೆಕೆಂಡು ಸಾಕು. ಕೊನೆಯಲ್ಲಿ ಕ್ಲಬ್ ಒಂದು ಮಿಲಿಸೆಕೆಂಡಿಗೆ ಹೆಚ್ಚುಕಡಿಮೆ 2 ಡಿಗ್ರಿ ತಿರುಗುತ್ತಿರುತ್ತದೆ. ಅಂದರೆ 5 ಮಿಲಿಸೆಕೆಂಡು ಹಿಂದೆಮುಂದೆ ಆದರೂ ಶಾಫ್ಟಿನ, ಅಂದರೆ ಕ್ಲಬ್ಬಿನ ಉದ್ದ ಕಡ್ಡಿಯ, ಓರೆ ಸುಮಾರು 10 ಡಿಗ್ರಿ ಬದಲಾಗುತ್ತದೆ. ಚೆಂಡಿಗೂ ಕ್ಲಬ್ಬಿಗೂ ಮುಟ್ಟಾಟ ಇರುವುದೇ ಅರ್ಧ ಮಿಲಿಸೆಕೆಂಡು. ಕಣ್ಣು ಕಂಡು, ಮಿದುಳು ತಿಳಿದು, ಕೈಗೆ ಹೇಳುವಷ್ಟರಲ್ಲಿ ಹೊಡೆತ ಮುಗಿದೇ ಹೋಗಿರುತ್ತದೆ. ಆದ್ದರಿಂದ ಚೆಂಡಿನ ಹತ್ತಿರ ಮಣಿಕಟ್ಟನ್ನು ಬೇಕಂತಲೇ ತಿರುಗಿಸಿ ಅನ್ನುವ ಸಲಹೆ ನನಗೆ ಸರಿ ಕಾಣುವುದಿಲ್ಲ. ಆ ಕ್ಷಣವನ್ನು ಹಿಡಿಯಲು ಯಾರಿಂದಲೂ ಆಗದು. ಮೊದಲು ಸೊಂಟ, ಆಮೇಲೆ ಭುಜ, ಆಮೇಲೆ ತೋಳು ಅನ್ನುವ ಸರದಿ ಸರಿಯಿದ್ದರೆ ರಿಲೀಸ್ ತನ್ನ ಹೊತ್ತಿಗೆ ತಾನೇ ಬರುತ್ತದೆ.

ಹೊಸಬರ ಸಾಮಾನ್ಯ ತಪ್ಪು ಬೇಗ ಬಿಚ್ಚುವುದು, ಕೋಚ್‌ಗಳು ಇದನ್ನು ಕ್ಯಾಸ್ಟಿಂಗ್ ಅನ್ನುತ್ತಾರೆ. ಚೆಂಡನ್ನು ಹೊಡೆಯುವ ಆತುರದಲ್ಲಿ ಮೇಲಿನಿಂದಲೇ ಕೈ ಕೆಲಸ ಶುರುಮಾಡುತ್ತದೆ. ಕ್ಲಬ್ ಗರಿಷ್ಠ ವೇಗಕ್ಕೆ ಚೆಂಡಿಗಿಂತ ಮೊದಲೇ ಹೋಗಿ, ಚೆಂಡಿಗೆ ತಾಗುವಾಗ ಅದರ ವೇಗ ಇಳಿಯುತ್ತಿರುತ್ತದೆ. ದೂರ ಕಡಿಮೆಯಾಗುವುದು ಒಂದೇ ಅಲ್ಲ, ಇನ್ನೂ ಕೆಟ್ಟದ್ದಿದೆ. ಕ್ಲಬ್ ನೆಲಕ್ಕೆ ತೀರಾ ಹತ್ತಿರ ಬರುವ ಜಾಗ ಚೆಂಡಿನ ಹಿಂದಕ್ಕೆ ಸರಿಯುತ್ತದೆ. ಆಗ ಮೊದಲು ಮಣ್ಣು, ಆಮೇಲೆ ಚೆಂಡು. ಇಲ್ಲವೇ ನೆಲ ತಪ್ಪಿಸಿ ಮೇಲೇಳುವ ಕ್ಲಬ್ಬಿನ ಅಂಚು ಚೆಂಡಿನ ನಡುಮಧ್ಯಕ್ಕೆ ಬಡಿದು, ಚೆಂಡು ನೆಲ ಸವರಿಕೊಂಡು ಓಡುತ್ತದೆ. ಅಕಸ್ಮಾತ್ ಚೆನ್ನಾಗಿ ತಾಗಿದರೂ ಶಾಫ್ಟ್ ಹಿಂದಕ್ಕೆ ವಾಲಿರುವುದರಿಂದ ಕ್ಲಬ್ಬಿನ ಮುಖ ಇನ್ನಷ್ಟು ಆಕಾಶ ನೋಡುತ್ತದೆ, ಚೆಂಡು ಎತ್ತರಕ್ಕೆ ಹೋಗಿ ಹತ್ತಿರದಲ್ಲೇ ಬೀಳುತ್ತದೆ.

ಹಾಗಂತ ಎಷ್ಟು ತಡ ಆದರೆ ಅಷ್ಟು ಒಳ್ಳೆಯದು ಅಂತಲೂ ಅಲ್ಲ. ಸ್ಪೇನಿನ ಗಾಲ್ಫ್ ಆಟಗಾರ ಸರ್ಜಿಯೋ ಗಾರ್ಸಿಯಾ ಅವರ ಲ್ಯಾಗ್, ಅಂದರೆ ಕೋನವನ್ನು ಕೊನೆವರೆಗೂ ಉಳಿಸಿಕೊಳ್ಳುವುದು, ನೋಡಿದವರೆಲ್ಲ ಅದನ್ನೇ ಮಾಡಲು ಹೋಗುತ್ತಾರೆ. ಮಣಿಕಟ್ಟನ್ನು ಬಿಗಿಹಿಡಿದು ಕೋನ ಕಾಪಾಡಿದರೆ ಶಕ್ತಿ ಕ್ಲಬ್ಬಿಗೆ ದಾಟುವುದೇ ಇಲ್ಲ. ಕ್ಲಬ್ಬಿನ ಮುಖವೂ ಗುರಿಯತ್ತ ತಿರುಗದೆ ತೆರೆದೇ ಉಳಿದು, ಬಲಗೈ ಆಟಗಾರರ ಚೆಂಡು ಬಲಕ್ಕೆ ತಿರುಗಿಕೊಳ್ಳುತ್ತದೆ.

ಸುಮಾರು 200 ಗ್ರಾಂ ತೂಗುವ ಡ್ರೈವರ್ ತಲೆ 46 ಗ್ರಾಂ ಒಳಗಿನ ಚೆಂಡಿಗೆ ಸರಿಯಾಗಿ ನಡುವಿನಲ್ಲಿ ತಾಗಿದರೆ ಚೆಂಡಿನ ವೇಗ ತಲೆಯ ವೇಗದ ಒಂದೂವರೆ ಪಟ್ಟು ಆಗುತ್ತದೆ. 160ಕ್ಕೆ ಸುಮಾರು 240. ತಾಗುವ ಜಾಗ ಅಂಚಿಗೆ ಸರಿದರೆ ತಲೆ ತಿರುಚಿಕೊಂಡು ಆ ಲಾಭ ಕರಗುತ್ತದೆ. ಹಾಗಾಗಿ ಸುಮ್ನೆ ಇನ್ನೂ ಜೋರಾಗಿ ಬೀಸುವುದಕ್ಕಿಂತ ನಡುವಿಗೆ ತಾಗಿಸುವುದರಲ್ಲಿ ಬಹಳ ಜನರಿಗೆ ಜಾಸ್ತಿ ದೂರ ಸಿಗುತ್ತದೆ.

ನಿಮ್ಮ ರಿಲೀಸ್ ಎಲ್ಲಿ ಆಗುತ್ತಿದೆ ಅಂತ ಕಿವಿಯಿಂದಲೇ ತಿಳಿಯಬಹುದು. ಡ್ರೈವರನ್ನು ತಲೆಕೆಳಗು ಮಾಡಿ, ತಲೆಯ ಹತ್ತಿರ ಹಿಡಿದು, ಚೆಂಡಿಲ್ಲದೆ ಬೀಸಿ. ಸುಯ್ ಅನ್ನುವ ಸದ್ದು ಚೆಂಡು ಇರಬೇಕಾದ ಜಾಗದಲ್ಲಿ ಅಥವಾ ಸ್ವಲ್ಪ ಮುಂದೆ ಜೋರಾಗಿ ಕೇಳಬೇಕು. ಬಲಭುಜದ ಪಕ್ಕದಲ್ಲೇ ಕೇಳಿದರೆ ಬೇಗ ಬಿಚ್ಚಿಕೊಂಡಿದೆ. ಐರನ್ (ಲೋಹದ ಚಪ್ಪಟೆ ತಲೆಯ ಕ್ಲಬ್) ಹೊಡೆತಕ್ಕೆ ಇನ್ನೂ ನೇರವಾದ ಸಾಕ್ಷಿ ಮರಳು. ಬಂಕರಿನಲ್ಲಿ, ಅಂದರೆ ಮೈದಾನದ ಮರಳುಗುಂಡಿಯಲ್ಲಿ, ಬೆರಳಿನಿಂದ ಒಂದು ಗೆರೆ ಎಳೆದು, ಅದೇ ಚೆಂಡು ಅಂದುಕೊಂಡು ಬೀಸಿ. ಮರಳು ಗೆರೆಯಿಂದಲೇ ಅಥವಾ ಅದರ ಮುಂದಿನಿಂದ ಏಳಬೇಕು. ಗೆರೆಯ ಹಿಂದೆ ಗುಂಡಿ ಬಿದ್ದರೆ ಹಿಡಿತ ಸ್ವಲ್ಪ ಸಡಿಲಿಸಿ, ಭಾರವನ್ನು ಎಡಗಾಲಿಗೆ ತಂದು, ಸೊಂಟ ಮೊದಲು ತಿರುಗಲಿ ಅಂತ ಕಾದು, ಅದೇ ಗೆರೆಯ ಮೇಲೆ ಮತ್ತೆ ಬೀಸಿ ನೋಡಿ.