ಹಳೆಯ ಸ್ಪರ್ಧಾ ಬೋಟಿನ ಮಾದರಿಗೆ ವಿದ್ಯುತ್ ಮೋಟಾರು: ಲೆಕ್ಕವನ್ನು ಫ್ಯಾನಿನಿಂದ ಆರಂಭಿಸುವ ಕ್ರಮ

ದೊಡ್ಡಪ್ಪನವರು ಬಹರೈನ್‌ನಲ್ಲಿ ಕೆಲಸದಲ್ಲಿದ್ದಾಗ ಕೊಂಡು ತಂದ ಮಾದರಿ ಬೋಟೊಂದು ಉಡುಪಿಯ ನಮ್ಮ ಮನೆಯ ಅಟ್ಟದಲ್ಲಿ ಬಹಳ ವರ್ಷಗಳಿಂದ ಹಾಗೆಯೇ ಇತ್ತು. ಅದರ ಉದ್ದ 75 ಸೆಂ.ಮೀ.; ಒಡಲು ಪ್ಲೈವುಡ್ಡಿನದು; ಒಳಗಿದ್ದದ್ದು ಮೆಥನಾಲ್, ಹರಳೆಣ್ಣೆ ಮತ್ತು ನೈಟ್ರೋಮೀಥೇನ್ ಬೆರೆಸಿದ ಇಂಧನದಿಂದ ಓಡುವ 3.5 ಸಿಸಿಯ ಗ್ಲೋ ಎಂಜಿನ್ನು, ಅಂದರೆ ಕಾದ ತಂತಿಯ ಪ್ಲಗ್ಗಿನಿಂದ ಇಂಧನವನ್ನು ಹೊತ್ತಿಸುವ ಪುಟ್ಟ ಎಂಜಿನ್ನು. ಎಂಜಿನ್ನು ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಆ ಇಂಧನವೂ ನಮ್ಮ ಊರಿನಲ್ಲಿ ಸುಲಭವಾಗಿ ಸಿಗುವಂಥದ್ದಲ್ಲ. ಆದ್ದರಿಂದ ಬ್ರಷ್‌ಲೆಸ್ ಮೋಟಾರು, ಅಂದರೆ ಒಳಗೆ ಉಜ್ಜುವ ಇಂಗಾಲದ ಬ್ರಷ್‌ಗಳಿಲ್ಲದ ವಿದ್ಯುತ್ ಮೋಟಾರು, ಅಳವಡಿಸಲು ಹೊರಟೆ. ಇದೇ ಕೆಲಸಕ್ಕೆ ಕೈಹಾಕುವ, ನನ್ನಂತೆಯೇ ಕಲಿಯುತ್ತಿರುವವರಿಗಾಗಿ, ನಾನು ಕಲಿತ ಕ್ರಮದಲ್ಲಿ ಈ ಟಿಪ್ಪಣಿಯನ್ನು ಬರೆದಿದ್ದೇನೆ.

ಹಳೆಯ ಬೋಟಿಗೆ ಬ್ಯಾಟರಿ ಕೂರಿಸುವುದು ಅದಕ್ಕೆ ಮಾಡುವ ಅಪಚಾರ ಎಂದು ಭಾವಿಸುವವರಿದ್ದಾರೆ. ಆ ಕಾಳಜಿಯನ್ನು ನಾನು ಗೌರವಿಸುತ್ತೇನೆ; ಆದರೆ ಮೊರಿಟ್ಜ್ ಯಾಕೋಬಿ ಎಂಬ ವಿಜ್ಞಾನಿ 1838ರಲ್ಲಿಯೇ ಸೇಂಟ್ ಪೀಟರ್ಸ್‌ಬರ್ಗ್‌ನ ನೆವಾ ನದಿಯಲ್ಲಿ ವಿದ್ಯುತ್ ದೋಣಿಯನ್ನು ಓಡಿಸಿದ್ದನೆಂಬುದನ್ನು ನೆನೆದರೆ, ದೋಣಿ ಮತ್ತು ವಿದ್ಯುತ್ತಿನ ನಂಟು ಪೆಟ್ರೋಲ್ ಎಂಜಿನ್ನಿಗಿಂತಲೂ ಹಳೆಯದೆಂದು ತಿಳಿಯುತ್ತದೆ. ಅಪಚಾರವಾಗುವುದು ಒಡಲನ್ನು ಕೊರೆದು ಕತ್ತರಿಸಿದಾಗ ಮಾತ್ರ. ಎಂಜಿನ್ನು ಕುಳಿತಿದ್ದ ಮರದ ದಿಮ್ಮಿಗಳನ್ನು ಹಾಗೆಯೇ ಉಳಿಸಿ, ಅವುಗಳ ಹಳೆಯ ಬೋಲ್ಟ್ ತೂತುಗಳಿಗೆ ಹೊಂದುವ ಅಲ್ಯೂಮಿನಿಯಂ ಪಟ್ಟಿಯೊಂದನ್ನು ಮಾಡಿಸಿ ಮೋಟಾರನ್ನು ಅದರ ಮೇಲೆ ಕೂರಿಸಿದರೆ, ಎಂಜಿನ್ನನ್ನು ಮರಳಿ ಜೋಡಿಸುವ ದಾರಿ ಎಂದಿಗೂ ತೆರೆದೇ ಇರುತ್ತದೆ.

ಹೊಸಬರು ಕೇಳುವ ಮೊದಲ ಪ್ರಶ್ನೆ ‘ಯಾವ ಮೋಟಾರು ಹಾಕಬೇಕು’ ಎಂಬುದು. ನಾನೂ ಅಲ್ಲಿಂದಲೇ ಹೊರಟು ತಪ್ಪಿದೆ. ಲೆಕ್ಕವು ಪ್ರೊಪೆಲ್ಲರಿನಿಂದ, ಅಂದರೆ ಮಲ್ಪೆಯ ಬೋಟಿನವರು ಫ್ಯಾನ್ ಎನ್ನುವ ಭಾಗದಿಂದ, ಹಿಂದಕ್ಕೆ ಬರಬೇಕು. ಒಂದೇ ಆಕಾರದ ಫ್ಯಾನು ನೀರಿನಲ್ಲಿ ತಿರುಗಲು ಬೇಡುವ ಶಕ್ತಿಯು ಸುತ್ತಿನ ವೇಗದ ಘನಕ್ಕೆ ಮತ್ತು ವ್ಯಾಸದ ಐದನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಈ ಐದನೆಯ ಘಾತವನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಟುಕೊಳ್ಳಿ. ಅದರಂತೆ ವ್ಯಾಸವನ್ನು ಶೇ. 10ರಷ್ಟು ಹೆಚ್ಚಿಸಿದರೆ ಅದೇ ವೇಗಕ್ಕೆ ಶೇ. 61ರಷ್ಟು ಹೆಚ್ಚು ಶಕ್ತಿ ಬೇಕಾಗುತ್ತದೆ, 42 ಮಿ.ಮೀ. ಫ್ಯಾನನ್ನು ತೆಗೆದು 38 ಮಿ.ಮೀ.ನದ್ದನ್ನು ಹಾಕಿದರೆ ಹೊರೆಯು ಶೇ. 61ಕ್ಕೆ ಇಳಿಯುತ್ತದೆ. ನಾಲ್ಕು ಮಿಲಿಮೀಟರುಗಳ ವ್ಯತ್ಯಾಸವು ಮೋಟಾರು ಬೆಚ್ಚಗಿರುವುದಕ್ಕೂ ಸುಟ್ಟುಹೋಗುವುದಕ್ಕೂ ನಡುವಿನ ವ್ಯತ್ಯಾಸವಾಗಬಲ್ಲದು.

ಫ್ಯಾನು ನಿಶ್ಚಯವಾದ ಮೇಲೆ ಮೋಟಾರಿನ ಮೇಲಿರುವ ‘ಕೆವಿ’ ಅಂಕಿಯನ್ನು ನೋಡಬೇಕು. ಇದು ಕಿಲೋವೋಲ್ಟ್ ಅಲ್ಲ. ಹೊರೆಯಿಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದರ ಸೂಚಕ. ಹಳೆಯ ಎಂಜಿನ್ನಿನ ವೇಗವನ್ನು 16,000 ಸುತ್ತು ಎಂದು ಹಿಡಿದುಕೊಂಡೆ. ನೀರಿನ ಹೊರೆ ಬಿದ್ದಾಗ ಮೋಟಾರಿನ ವೇಗ ಸುಮಾರು ಶೇ. 80ಕ್ಕೆ ಇಳಿಯುವುದರಿಂದ ಹೊರೆಯಿಲ್ಲದ ವೇಗ 20,000 ಇರಬೇಕು. ಮೂರು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿಯ 11.1 ವೋಲ್ಟಿನಿಂದ ಅದನ್ನು ಭಾಗಿಸಿದರೆ ಸುಮಾರು 1,800 ಕೆವಿ ಬರುತ್ತದೆ. 500 ವಾಟ್ ಶಕ್ತಿ ಬೇಕೆಂದರೆ ಸುಮಾರು 45 ಆಂಪಿಯರ್ ಹರಿಯುತ್ತದೆ, ತಡೆ ಬಿದ್ದಾಗ ಅದು ಇನ್ನೂ ಏರುವುದರಿಂದ, ಮೋಟಾರಿಗೆ ಕರೆಂಟನ್ನು ಅಳೆದು ಕೊಡುವ ವೇಗ ನಿಯಂತ್ರಕವು 80 ಆಂಪಿಯರಿಗೆ ಕಡಿಮೆಯದ್ದಾಗಿರಬಾರದು. ಬ್ಯಾಟರಿ 5,000 ಎಂಎಎಚ್‌ನದ್ದಾಗಿದ್ದು (ಅಂದರೆ 5 ಆಂಪಿಯರನ್ನು ಒಂದು ಗಂಟೆ ಕೊಡಬಲ್ಲದ್ದು) ಅದರ ಶೇ. 80ನ್ನು ಮಾತ್ರ ಬಳಸಿದರೆ, ಸರಾಸರಿ 40 ಆಂಪಿಯರಿನಲ್ಲಿ ಆರು ನಿಮಿಷದ ಓಟ ದೊರೆಯುತ್ತದೆ. ಸ್ಪರ್ಧಾ ಬೋಟಿಗೆ ಅಷ್ಟು ಸಾಕು.

ಎಂಜಿನ್ನನ್ನು ಬಿಚ್ಚುವ ಮೊದಲೇ ಮಾಡಬೇಕಾದ, ಆಮೇಲೆ ಮಾಡಲಾಗದ ಕೆಲಸವೊಂದಿದೆ. ಟ್ಯಾಂಕನ್ನು ಅರ್ಧ ತುಂಬಿಸಿ, ಬೋಟನ್ನು ದುಂಡನೆಯ ಕೋಲಿನ ಮೇಲೆ ಅಡ್ಡಲಾಗಿ ಇಟ್ಟು, ಅದು ಸಮತೂಕದಲ್ಲಿ ನಿಲ್ಲುವ ಜಾಗಕ್ಕೆ ಗುರುತು ಹಾಕಿಕೊಳ್ಳಬೇಕು. ಒಡಲನ್ನು ರೂಪಿಸಿದವರು ಆ ತೂಕವನ್ನು ಆ ಜಾಗದಲ್ಲಿ ಎಣಿಸಿಯೇ ಅದರ ತಳವನ್ನು ಕಡೆದಿರುತ್ತಾರೆ; ಭಾರ ಹಿಂದಕ್ಕೆ ಸರಿದರೆ ಮೂತಿ ಮೇಲೆದ್ದು ಕುಣಿಯುತ್ತದೆ, ಮುಂದಕ್ಕೆ ಸರಿದರೆ ತಳವು ನೀರಿಗೆ ಅಂಟಿಕೊಂಡು ವೇಗ ಸಾಯುತ್ತದೆ. ಬಿಚ್ಚಿದ ಭಾಗಗಳನ್ನೆಲ್ಲ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಬ್ಯಾಟರಿ ಕೊಳ್ಳುವ ಮೊದಲು ಅಷ್ಟೇ ತೂಕದ ಮರಳಿನ ಪೊಟ್ಟಣಗಳನ್ನು ಬೇರೆಬೇರೆ ಜಾಗದಲ್ಲಿಟ್ಟು ಆ ಗುರುತಿಗೆ ಹೊಂದಿಸಿದೆ. ಇಂಧನದಂತೆ ಬ್ಯಾಟರಿಯ ತೂಕ ಓಟದ ನಡುವೆ ಕರಗುವುದಿಲ್ಲವಾದ್ದರಿಂದ, ಒಮ್ಮೆ ಹೊಂದಿಸಿದ ಸಮತೂಕ ಕೊನೆಯವರೆಗೂ ನಿಲ್ಲುತ್ತದೆ.

ಮರಕ್ಕೆ ಇಳಿದ ಹರಳೆಣ್ಣೆಯ ವಿಷಯದಲ್ಲಿ ಅವಸರ ಸಲ್ಲದು. ಎಣ್ಣೆ ಕುಡಿದ ಪ್ಲೈವುಡ್ಡಿಗೆ ಎಪಾಕ್ಸಿ ಅಂಟು ಹಿಡಿಯುವುದಿಲ್ಲ. ಹರಳೆಣ್ಣೆಯು ಇತರ ಅಡುಗೆ ಎಣ್ಣೆಗಳಂತಲ್ಲದೆ ಆಲ್ಕೋಹಾಲಿನಲ್ಲಿ ಕರಗುತ್ತದೆ. ಆದ್ದರಿಂದ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಬಟ್ಟೆಯಿಂದ, ಗಾಳಿಯಾಡುವ ಜಗಲಿಯಲ್ಲಿ ಬೆಂಕಿಯಿಂದ ದೂರವಿಟ್ಟು, ಬಟ್ಟೆಗೆ ಕಲೆ ಹತ್ತದಾಗುವವರೆಗೆ ಒರೆಸಿದೆ. ನಮ್ಮ ಮಳೆಗಾಲದ ತೇವದಲ್ಲಿ ಮರ ಒಣಗದು. ಈ ಕೆಲಸಕ್ಕೆ ಡಿಸೆಂಬರಿನ ನಂತರದ ತಿಂಗಳುಗಳೇ ಸೂಕ್ತ.

ವೈರಿನ ಜೋಡಣೆಯಲ್ಲಿ ಒಂದೇ ಎಚ್ಚರವನ್ನು ಹೇಳುತ್ತೇನೆ. ಬ್ಯಾಟರಿಯನ್ನು ದೂರ ಇಡಬೇಕಾದಾಗ ಬ್ಯಾಟರಿ ಕಡೆಯ ವೈರನ್ನು ಉದ್ದ ಮಾಡಬಾರದು, ಮೋಟಾರಿನ ಕಡೆಯ ಮೂರು ವೈರುಗಳನ್ನು ಉದ್ದ ಮಾಡಬೇಕು. ಬ್ಯಾಟರಿ ಕಡೆಯ ಉದ್ದದ ವೈರಿನಲ್ಲಿ ಏಳುವ ವೋಲ್ಟೇಜಿನ ಏರಿಳಿತವು ನಿಯಂತ್ರಕದ ಕೆಪಾಸಿಟರುಗಳನ್ನು ಹಾಳುಮಾಡುತ್ತದೆ. ಮೋಟಾರು ತಿರುಗುಮುರುಗಾಗಿ ತಿರುಗಿದರೆ ಆ ಮೂರರಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರಾಯಿತು.

ಗ್ಲೋ ಎಂಜಿನ್ನಿನ ಫ್ಯಾನಿಗೆ ಅಂತರಗಂಗೆ ಸುತ್ತಿಕೊಂಡರೆ ಎಂಜಿನ್ನು ನಿಂತುಹೋಗುತ್ತಿತ್ತು. ವಿದ್ಯುತ್ ಮೋಟಾರು ನಿಲ್ಲಲು ಒಪ್ಪುವುದಿಲ್ಲ; ತಡೆದಷ್ಟೂ ಹೆಚ್ಚು ಕರೆಂಟು ಎಳೆಯುತ್ತದೆ, ಮತ್ತು ಕರೆಂಟು ಇಮ್ಮಡಿಯಾದರೆ ವೈರಿನ ಬಿಸಿ ನಾಲ್ಮಡಿಯಾಗುತ್ತದೆ. ಬೋಟು ನಿಧಾನವಾಯಿತೆಂದು ಕಂಡ ಕ್ಷಣವೇ ರಿಮೋಟಿನ ವೇಗದ ಗುಂಡಿಯಿಂದ ಕೈ ತೆಗೆಯಬೇಕು. ಮಂಗಳೂರಿನ ತಣ್ಣೀರುಬಾವಿಯ ಕಡೆಯ ಹಿನ್ನೀರು ಎಷ್ಟೇ ಆಕರ್ಷಕವಾಗಿದ್ದರೂ ಅಲ್ಲಿ ಉಪ್ಪಿನಂಶವಿದೆ. ಉಪ್ಪುನೀರಿನಲ್ಲಿ ಫ್ಯಾನಿನ ದಂಡ ಹಾದುಹೋಗುವ ಹಿತ್ತಾಳೆಯ ಕೊಳವೆಗೆ ತಾಗಿರುವ ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ಸಿಹಿನೀರಿನಲ್ಲಿಯೇ ಬಿಡುವುದು ಕ್ಷೇಮ.

ಮೊದಲ ಪರೀಕ್ಷೆಯನ್ನು ಬಾವಿಕಟ್ಟೆಯ ಪಕ್ಕದ ಸಿಮೆಂಟು ತೊಟ್ಟಿಯಲ್ಲಿ, ಬೋಟನ್ನು ಹಗ್ಗದಿಂದ ಕಟ್ಟಿ, ವಾಟ್ ಮೀಟರ್ ಜೋಡಿಸಿ ಮಾಡಿದೆ. ಕಟ್ಟಿಹಾಕಿದ ಬೋಟು ಓಡುವ ಬೋಟಿಗಿಂತ ಹೆಚ್ಚು ಕರೆಂಟು ಎಳೆಯುವುದರಿಂದ ಪ್ರತಿ ಸಲವೂ ಮೂರು ಸೆಕೆಂಡು ಮೀರಲಿಲ್ಲ. 42 ಮಿ.ಮೀ. ಫ್ಯಾನಿಗೆ 70 ಆಂಪಿಯರ್ ತೋರಿಸಿದ ಮೀಟರು 38ಕ್ಕೆ 46 ತೋರಿಸಿತು. ಬರಿಯ ಐದನೆಯ ಘಾತದ ಲೆಕ್ಕದಂತೆ 42 ಆಂಪಿಯರ್ ಬರಬೇಕಿತ್ತು. ಆ ಲೆಕ್ಕ ಸುತ್ತಿನ ವೇಗ ಬದಲಾಗದೆಂದು ಊಹಿಸುತ್ತದೆ. ಹೊರೆ ಇಳಿದಾಗ ಮೋಟಾರು ಇನ್ನಷ್ಟು ವೇಗವಾಗಿ ತಿರುಗಿ ಆ ನಾಲ್ಕು ಆಂಪಿಯರನ್ನು ಹೆಚ್ಚಾಗಿ ಎಳೆದಿತ್ತು.